ಓಗೊಡುವ ಪರದೆ: ಕೆಡಿಇ ಪ್ಲಾಸ್ಮಾ 6 ಡೆಸ್ಕ್‌ಟಾಪಿನ ವಿಮರ್ಶೆ

ಒಳಕೋಣೆಯಲ್ಲಿರುವವರನ್ನು ಹೆಸರು ಹಿಡಿದು ಕೂಗಿದಾಗ ಅವರು ಆ ಕ್ಷಣವೇ ಎದ್ದು ಬರಬೇಕೆಂದು ನಾವೇನೂ ಬಯಸುವುದಿಲ್ಲ; ‘ಓ’ ಎಂದರೆ ಸಾಕು, ಕೈಯಲ್ಲಿರುವ ಕೆಲಸ ಮುಗಿಸಿ ಬರುವವರೆಗೆ ಸಮಾಧಾನದಿಂದ ಕಾಯುತ್ತೇವೆ. ಓಗೊಡದೆ ಹೋದರೆ ಮಾತ್ರ ಅರ್ಧ ನಿಮಿಷವೂ ಬಹಳ ಹೊತ್ತಾಗಿ ತೋರುತ್ತದೆ, ಮತ್ತೊಮ್ಮೆ ಇನ್ನೂ ಗಟ್ಟಿಯಾಗಿ ಕೂಗುತ್ತೇವೆ. ಕಂಪ್ಯೂಟರಿನ ಮುಂದೆ ಕುಳಿತವರು ಮಾಡುವುದೂ ಇದನ್ನೇ. ಐಕಾನನ್ನು ಒತ್ತಿ, ಏನೂ ಆಗಲಿಲ್ಲವೆಂದು ಮತ್ತೆ ಒತ್ತಿ, ಮೂರನೆಯ ಸಲ ಸಿಟ್ಟಿನಿಂದ ಒತ್ತುವಷ್ಟರಲ್ಲಿ ಒಂದೇ ತಂತ್ರಾಂಶದ ಮೂರು ವಿಂಡೋಗಳು ಒಂದರ ಹಿಂದೊಂದು ತೆರೆದುಕೊಂಡು ನಮ್ಮನ್ನೇ ಅಣಕಿಸುತ್ತವೆ. ಯಂತ್ರ ನಿಧಾನವಾಗಿತ್ತು ಎಂದು ನಾವು ಬೈಯುತ್ತೇವೆ. ಯಂತ್ರ ಕೆಲಸವನ್ನು ಆಗಲೇ ಹಿಡಿದಿತ್ತು, ಹಿಡಿದಿದ್ದೇನೆ ಎಂದು ಹೇಳಿರಲಿಲ್ಲ ಅಷ್ಟೇ.

ಲಿನಕ್ಸ್ ಕಂಪ್ಯೂಟರುಗಳಲ್ಲಿ ಮೆನು, ವಿಂಡೋ, ಟಾಸ್ಕ್‌ಬಾರುಗಳನ್ನೆಲ್ಲ ಒದಗಿಸುವ ಕೆಡಿಇ ಪ್ಲಾಸ್ಮಾ 6 ಎಂಬ ಡೆಸ್ಕ್‌ಟಾಪನ್ನು ಕೆಲವು ತಿಂಗಳುಗಳಿಂದ ದಿನವಿಡೀ ಬಳಸುತ್ತಿರುವ ನಾನು ಅದನ್ನು ಈ ಒಂದು ದೃಷ್ಟಿಯಿಂದ ಮಾತ್ರ ಪರಿಶೀಲಿಸಲು ಹೊರಟಿದ್ದೇನೆ: ಅದು ಎಷ್ಟು ಬೇಗ ಓಗೊಡುತ್ತದೆ, ಆ ‘ಓ’ ಎಷ್ಟರ ಮಟ್ಟಿಗೆ ನಿಜವಾಗಿರುತ್ತದೆ. ಅದರ ಬಣ್ಣ, ವಾಲ್‌ಪೇಪರು, ವಿಜೆಟ್ಟುಗಳ ಸಂಗತಿ ಇಲ್ಲಿ ಬರುವುದಿಲ್ಲ. ನನ್ನ ಲ್ಯಾಪ್‌ಟಾಪು ಹಳೆಯದು, ಪರದೆ ಸೆಕೆಂಡಿಗೆ 60 ಸಲ ಮಾತ್ರ ಹೊಸದಾಗುವಂಥದ್ದು. ಇಂಥ ಯಂತ್ರದಲ್ಲಿಯೇ ಡೆಸ್ಕ್‌ಟಾಪಿನ ನಡತೆ ಚೆನ್ನಾಗಿ ತಿಳಿಯುತ್ತದೆ, ಏಕೆಂದರೆ ತಡವಾಗುವ ಸಂದರ್ಭಗಳು ಇಲ್ಲಿ ಧಾರಾಳವಾಗಿ ಸಿಗುತ್ತವೆ.

ಕೆಡಿಇ ಯೋಜನೆ ಆರಂಭವಾದದ್ದು 1996ರಲ್ಲಿ. ಅದರ ಡೆಸ್ಕ್‌ಟಾಪಿನ ಆರನೆಯ ಪೀಳಿಗೆ 2024ರ ಫೆಬ್ರುವರಿ 28ರಂದು ಬಿಡುಗಡೆಯಾಯಿತು. ಪರದೆಯ ಮೇಲೆ ಚಿತ್ರ ಮೂಡಿಸುವ ಹೊಣೆಯನ್ನು ಹಳೆಯ ಎಕ್ಸ್11 ವ್ಯವಸ್ಥೆಯ ಬದಲು ವೇಲ್ಯಾಂಡ್‌ಗೆ ವಹಿಸುವುದು ಈ ಪೀಳಿಗೆಯಲ್ಲಿ ಡೀಫಾಲ್ಟ್ (ನಾವು ಬದಲಿಸದಿದ್ದರೆ ತಾನಾಗಿ ಇರುವ ಏರ್ಪಾಡು) ಆಯಿತು. ವಿಂಡೋಗಳನ್ನು ನಿರ್ವಹಿಸುವ ಕೆವಿನ್ ಎಂಬ ಭಾಗವೇ ಈಗ ಪರದೆಯ ಯಜಮಾನ. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಂಡರೆ ಒಳ್ಳೆಯದು. ಓಗೊಡುವವರು ಯಾರು ಎಂಬ ಪ್ರಶ್ನೆಗೆ ಅದರಿಂದಲೇ ಉತ್ತರ ಸಿಗುತ್ತದೆ.

ಕಾಯುವ ಮನುಷ್ಯನ ತಾಳ್ಮೆಗೆ ಅಳತೆಗೋಲುಗಳು ಹಿಂದಿನಿಂದಲೂ ಇವೆ. ಕಂಪ್ಯೂಟರಿನ ಉತ್ತರ ಎಷ್ಟು ಹೊತ್ತಿನಲ್ಲಿ ಬರಬೇಕು ಎಂಬುದನ್ನು ರಾಬರ್ಟ್ ಮಿಲ್ಲರ್ 1968ರಲ್ಲಿಯೇ ಕ್ರಮವಾಗಿ ವಿಂಗಡಿಸಿದ್ದರು. ಜೇಕಬ್ ನೀಲ್ಸನ್ 1993ರಲ್ಲಿ ಅದನ್ನು ಮೂರು ಮಿತಿಗಳಾಗಿ ಹೇಳಿದ ಮೇಲೆ ಆ ಮಿತಿಗಳೇ ರೂಢಿಗೆ ಬಂದವು. ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಪರದೆ ಬದಲಾದರೆ ನಾವೇ ಕೈಯಾರೆ ಅದನ್ನು ಮಾಡಿದೆವು ಎನ್ನಿಸುತ್ತದೆ. ಒಂದು ಸೆಕೆಂಡಿನವರೆಗೆ ತಡ ಗೊತ್ತಾದರೂ ಯೋಚನೆಯ ಎಳೆ ಕಡಿಯುವುದಿಲ್ಲ. ಹತ್ತು ಸೆಕೆಂಡು ದಾಟಿದರೆ ಮನಸ್ಸು ಬೇರೆ ಕಡೆಗೆ ಹೋಗುತ್ತದೆ. ಇವುಗಳಲ್ಲಿ ಮೊದಲನೆಯ ಮಿತಿ ಪೂರ್ತಿ ಕೆಲಸಕ್ಕಾಗಿ ಅಲ್ಲ, ‘ಓ’ ಎನ್ನುವುದಕ್ಕಾಗಿ ಇರುವ ಮಿತಿ ಎಂದು ನಾನು ಓದಿಕೊಳ್ಳುತ್ತೇನೆ. 60 ಹರ್ಟ್ಸ್ ಪರದೆಯಲ್ಲಿ, ಅಂದರೆ ಸೆಕೆಂಡಿಗೆ 60 ಸಲ ಹೊಸದಾಗುವ ಪರದೆಯಲ್ಲಿ, ಒಂದು ಫ್ರೇಮಿಗೆ (ಒಂದು ಸಲದ ಚಿತ್ರಕ್ಕೆ) ಸುಮಾರು 16.7 ಮಿಲಿಸೆಕೆಂಡು ಹಿಡಿಯುವುದರಿಂದ ಆ ಮಿತಿಯೊಳಗೆ ಆರು ಫ್ರೇಮುಗಳಿಗೆ ಜಾಗವಿದೆ. ಬಟನ್ನಿನ ಬಣ್ಣ ಬದಲಿಸಲು ಇದು ಬೇಕಾದಷ್ಟಾಯಿತು. ಡಿಸ್ಕಿನಿಂದ ದೊಡ್ಡ ತಂತ್ರಾಂಶವೊಂದನ್ನು ಎತ್ತಿ ತರಲು ಏನೇನೂ ಸಾಲದು.

ಬಟನ್ನಿನಿಂದಲೇ ಆರಂಭಿಸೋಣ. ಮೌಸಿನ ಗುಂಡಿಯನ್ನು ಒತ್ತುವುದು ಒಂದು ಘಟನೆ, ಬಿಡುವುದು ಇನ್ನೊಂದು ಘಟನೆ. ಬಹುತೇಕ ಬಟನ್ನುಗಳು ಕೆಲಸವನ್ನು ಆರಂಭಿಸುವುದು ಬಿಟ್ಟ ಮೇಲೆ, ಆದರೆ ಒತ್ತಿದಾಗಲೇ ಸ್ವಲ್ಪ ಕಪ್ಪಾಗಿ, ಒಳಗೆ ಕುಸಿದಂತೆ ಕಾಣುತ್ತವೆ. ಬೆರಳು ಕೆಳಗಿಳಿದು ಮೇಲೇರುವ ಅಷ್ಟು ಹೊತ್ತನ್ನು ಪರದೆ ಈ ರೀತಿ ತನ್ನ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುತ್ತದೆ. ಪ್ಲಾಸ್ಮಾದ ಬ್ರೀಜ್ ಶೈಲಿಯಲ್ಲಿ ಕರ್ಸರ್ ಹತ್ತಿರ ಬಂದೊಡನೆ ಬಟನ್ನಿನ ಅಂಚು ನೀಲಿಯಾಗುತ್ತದೆ, ಒತ್ತಿದಾಗ ಒಳಭಾಗವೂ ಬಣ್ಣ ಪಡೆಯುತ್ತದೆ. ಎರಡೂ ಮಿತವಾದ ಬದಲಾವಣೆಗಳು, ಎರಡೂ ತಕ್ಷಣ ಆಗುತ್ತವೆ. ತಾವು ಬಳಸುವ ಯಾವುದೇ ತಂತ್ರಾಂಶದಲ್ಲಿ ಬಟನ್ನನ್ನು ಒತ್ತಿ ಹಿಡಿದು, ಬಿಡದೆ, ಕರ್ಸರನ್ನು ಪಕ್ಕಕ್ಕೆ ಜಾರಿಸಿ ನೋಡಿ: ಬಟನ್ನು ತನ್ನ ಮೊದಲಿನ ರೂಪಕ್ಕೆ ಮರಳಿದರೆ ಅದನ್ನು ಮಾಡಿದವರು ಈ ವಿಷಯವನ್ನು ಯೋಚಿಸಿದ್ದಾರೆ ಎಂದು ತಿಳಿಯಬಹುದು.

ಫೈಲು ತೆರೆಯುವ ಕ್ಲಿಕ್ಕಿನ ಬಗ್ಗೆ ಪ್ಲಾಸ್ಮಾ 6 ಒಂದು ದೊಡ್ಡ ಬದಲಾವಣೆ ಮಾಡಿತು. ಅದಕ್ಕೆ ಮೊದಲು ಒಂದೇ ಕ್ಲಿಕ್ಕಿಗೆ ಫೈಲು ತೆರೆಯುತ್ತಿತ್ತು. ಈಗ ಉಳಿದ ಡೆಸ್ಕ್‌ಟಾಪುಗಳಂತೆ ಎರಡು ಕ್ಲಿಕ್ ಬೇಕು. ಒಂದು ಕ್ಲಿಕ್ಕಿನ ಪದ್ಧತಿಯೇ ವೇಗದ್ದೆಂದು ಗಡಿಯಾರ ಹೇಳುತ್ತದೆ, ಮತ್ತು ಹಳೆಯ ಬಳಕೆದಾರರು ಗೊಣಗಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೂ ಎರಡು ಕ್ಲಿಕ್ಕಿನ ಪದ್ಧತಿ ನಿಧಾನವೆಂದು ಕೈಗೆ ಅನ್ನಿಸುವುದಿಲ್ಲ, ಏಕೆಂದರೆ ಮೊದಲ ಕ್ಲಿಕ್ಕಿಗೇ ಫೈಲಿನ ಹೆಸರು ನೀಲಿ ಹೊದ್ದು ‘ಓ’ ಎನ್ನುತ್ತದೆ. ಎರಡನೆಯ ಕ್ಲಿಕ್ ಬರುತ್ತದೆಯೋ ಇಲ್ಲವೋ ಎಂದು ಕಾದು ಆಮೇಲೆ ಬಣ್ಣ ಬದಲಿಸುವುದಿಲ್ಲ. ವಿಂಡೋಸ್‌ನಲ್ಲಿ ಎರಡು ಕ್ಲಿಕ್ಕುಗಳ ನಡುವೆ ಇರಬಹುದಾದ ಅಂತರ ಡೀಫಾಲ್ಟ್ ಆಗಿ 500 ಮಿಲಿಸೆಕೆಂಡು. ಆ ಅರ್ಧ ಸೆಕೆಂಡು ಪರದೆ ಸುಮ್ಮನೆ ಕುಳಿತಿದ್ದರೆ ಪ್ರತಿಯೊಂದು ಆಯ್ಕೆಯೂ ಅಂಟಂಟಾಗಿ ನಡೆಯುತ್ತಿತ್ತು.

ಇನ್ನು ಪ್ಲಾಸ್ಮಾದ ಹೆಗ್ಗುರುತಾದ ಕುಣಿಯುವ ಐಕಾನು. ಮೆನುವಿನಿಂದ ಒಂದು ತಂತ್ರಾಂಶವನ್ನು ಆರಿಸಿದ ಕೂಡಲೇ ಅದರ ಪುಟ್ಟ ಐಕಾನು ಕರ್ಸರಿನ ಬಲಗಡೆಗೆ ಅಂಟಿಕೊಂಡು ಚೆಂಡಿನಂತೆ ಪುಟಿಯತೊಡಗುತ್ತದೆ. ನೆಲಕ್ಕೆ ತಾಗಿದಾಗ ತುಸು ಚಪ್ಪಟೆಯಾಗಿ, ಮೇಲೆದ್ದಾಗ ತುಸು ಉದ್ದವಾಗಿ, ಕರ್ಸರ್ ಹೋದಲ್ಲೆಲ್ಲ ಬೆನ್ನು ಬಿಡದೆ ಬರುತ್ತದೆ. ವಿಂಡೋ ತೆರೆದೊಡನೆ ಮಾಯವಾಗುತ್ತದೆ. ಮೊದಲ ದಿನ ನನಗೆ ಇದು ಮಕ್ಕಳಾಟವೆನಿಸಿತ್ತು. ಆಫೀಸಿನ ಕೆಲಸ ಮಾಡುವ ಯಂತ್ರದಲ್ಲಿ ಈ ಚೆಂಡಾಟವೇಕೆ ಎಂದು ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ನಿಲ್ಲಿಸಿಯೂ ಇದ್ದೆ. ನಿಲ್ಲಿಸಿದ ಎರಡೇ ದಿನಗಳಲ್ಲಿ ನಾನು ಮತ್ತೆ ಎರಡೆರಡು ಸಲ ಒತ್ತುವವನಾಗಿದ್ದೆ. ತಂತ್ರಾಂಶ ತೆರೆಯಲು ಹಿಡಿಯುವ ಸಮಯದಲ್ಲಿ ಒಂದಿಷ್ಟೂ ವ್ಯತ್ಯಾಸವಾಗಿರಲಿಲ್ಲ, ಆದರೆ ಕಾಯುವ ನನ್ನಲ್ಲಿ ಆಗಿತ್ತು. ಮರಳಿ ಚಾಲೂ ಮಾಡಿದೆ.

ಈ ಐಕಾನಿನ ಜಾಣ್ಮೆ ಇರುವುದು ಅದರ ಕುಣಿತದಲ್ಲಿ ಅಲ್ಲ, ಅದು ನಿಂತಿರುವ ಜಾಗದಲ್ಲಿ. ಕ್ಲಿಕ್ ಮಾಡಿದ ಮನುಷ್ಯನ ಕಣ್ಣು ಆ ಹೊತ್ತಿನಲ್ಲಿ ಇರುವುದು ಕರ್ಸರಿನ ತುದಿಯಲ್ಲಿಯೇ. ಉತ್ತರವೂ ಅಲ್ಲಿಯೇ ಸಿಗುತ್ತದೆ. ಆ್ಯಪಲ್‌ನ ಮ್ಯಾಕ್ ಓಎಸ್ ಹತ್ತನೆಯ ಆವೃತ್ತಿಯಿಂದ ಈಚೆಗೆ ಪರದೆಯ ಅಂಚಿನ ಡಾಕ್‌ನಲ್ಲಿರುವ ಐಕಾನೇ ನೆಗೆಯುತ್ತದೆ. ಡಾಕ್‌ನಿಂದಲೇ ತೆರೆದರೆ ಅದು ಸರಿಯಾದ ಜಾಗ, ಬೇರೆ ಕಡೆಯಿಂದ ತೆರೆದರೆ ಕಣ್ಣು ಅಲ್ಲಿಗೆ ಹೋಗಬೇಕು. ಪ್ಲಾಸ್ಮಾ ಟಾಸ್ಕ್‌ಬಾರಿನಲ್ಲಿಯೂ ತೆರೆಯಲಿರುವ ತಂತ್ರಾಂಶಕ್ಕೆ ಒಂದು ಜಾಗ ಹಿಡಿದಿಟ್ಟು ಅಲ್ಲಿಯೂ ಒಂದು ಚಕ್ರ ತಿರುಗಿಸುತ್ತದೆ. ಎರಡು ಕಡೆ ಒಂದೇ ಮಾತನ್ನು ಹೇಳುವ ಅಗತ್ಯ ನನಗಂತೂ ಕಾಣಲಿಲ್ಲ, ಆದರೆ ಬೇಡವಾದುದನ್ನು ಬಿಡಬಹುದು. ಪುಟಿಯುವ ಬದಲು ಮಿನುಗುವಂತೆ ಅಥವಾ ಸುಮ್ಮನೆ ನಿಂತಿರುವಂತೆ ಮಾಡುವ ಆಯ್ಕೆಯೂ ಇದೆ. ಸುಮ್ಮನೆ ನಿಂತ ಐಕಾನನ್ನು ಒಂದು ವಾರ ಇಟ್ಟುಕೊಂಡು ನೋಡಿದೆ: ಮೊದಲ ಸೆಕೆಂಡಿಗೆ ಅದು ಸಾಕು, ಮೂರನೆಯ ಸೆಕೆಂಡಿನಲ್ಲಿ ಯಂತ್ರ ಹ್ಯಾಂಗ್ ಆಗಿರಬಹುದೇ ಎಂಬ ಸಂಶಯ ಬರುತ್ತದೆ. ಚಲನೆ ಇದ್ದರೆ ಜೀವ ಇದೆ ಎಂದು ಕಣ್ಣು ನಂಬುತ್ತದೆ.

ಆ ನಂಬಿಕೆಗೆ ಆಧಾರವಿದೆಯೇ? ಇಲ್ಲ ಎನ್ನುವುದೇ ಈ ಚಿಹ್ನೆಯ ಮೇಲಿರುವ ನನ್ನ ಮುಖ್ಯ ಆಕ್ಷೇಪ. ಐಕಾನನ್ನು ಪುಟಿಸುತ್ತಿರುವುದು ಕೆವಿನ್. ಒಳಗೆ ಎದ್ದೇಳುತ್ತಿರುವ ತಂತ್ರಾಂಶಕ್ಕೂ ಆ ಕುಣಿತಕ್ಕೂ ನೇರ ಸಂಬಂಧವಿಲ್ಲ. ‘ನಾನು ಎದ್ದೆ’ ಎಂದು ತಂತ್ರಾಂಶ ತಿಳಿಸಿದರೆ ಐಕಾನು ಮಾಯವಾಗುತ್ತದೆ. ಹಾಗೆ ತಿಳಿಸುವ ಶಿಷ್ಟಾಚಾರವನ್ನು ಪಾಲಿಸದ ತಂತ್ರಾಂಶವಾದರೆ ವಿಂಡೋ ತೆರೆದ ಮೇಲೂ ಐಕಾನು ಒಂದಿಷ್ಟು ಹೊತ್ತು ಪುಟಿಯುತ್ತಲೇ ಇರುತ್ತದೆ, ನಿಗದಿತ ಅವಧಿ ತೀರಿದ ಮೇಲೆ ತಾನಾಗಿ ನಿಲ್ಲುತ್ತದೆ. ಇದಕ್ಕಿಂತ ಕಸಿವಿಸಿಯ ಸಂದರ್ಭ ಇದರ ತಿರುವುಮುರುವು: ಭಾರಿ ತಂತ್ರಾಂಶ ಇನ್ನೂ ಏಳುತ್ತಲೇ ಇರುವಾಗ ಅವಧಿ ತೀರಿ ಐಕಾನು ಕಣ್ಮರೆಯಾಗುತ್ತದೆ, ಕೂಗಿದವರಿಗೆ ಓಗೊಟ್ಟವರು ಹಿತ್ತಲ ಬಾಗಿಲಿನಿಂದ ಹೊರಟುಹೋದಂತೆ ಪರದೆ ಖಾಲಿಯಾಗುತ್ತದೆ. ಈ ಅವಧಿಯನ್ನು ಸೆಟ್ಟಿಂಗ್ಸ್‌ನಲ್ಲಿ ಹೆಚ್ಚಿಸಬಹುದು; ಹಳೆಯ ಯಂತ್ರವುಳ್ಳವರು ಮೊದಲ ದಿನವೇ ಹೆಚ್ಚಿಸಿಕೊಳ್ಳುವುದು ಒಳ್ಳೆಯದು. ಈ ಆಯ್ಕೆ ಅನಿಮೇಷನ್ನಿನ ಪುಟದಲ್ಲಿ ಇಲ್ಲದೆ ಕರ್ಸರಿನ ಪುಟದೊಳಗೆ ಅಡಗಿರುವುದರಿಂದ ಹುಡುಕಲು ಸ್ವಲ್ಪ ತಿಣುಕಬೇಕಾಗುತ್ತದೆ.

ಹಾಗೆಂದು ಕೆಲಸ ಮಾಡುವವರೇ ಓಗೊಡಬೇಕು ಎಂದು ಹಟ ಹಿಡಿಯುವಂತೆಯೂ ಇಲ್ಲ. 1984ರ ಮೊದಲ ಮ್ಯಾಕಿಂಟಾಷ್‌ನಲ್ಲಿ ಕರ್ಸರ್ ಕೈಗಡಿಯಾರವಾಗುತ್ತಿತ್ತು. ವಿಂಡೋಸ್‌ನಲ್ಲಿ ವಿಸ್ಟಾ ಬರುವವರೆಗೂ ಮರಳುಗಡಿಯಾರ ಇತ್ತು, ಆಮೇಲೆ ನೀಲಿ ಉಂಗುರ ಬಂತು. ಕೆಲಸದಲ್ಲಿ ಮುಳುಗುವ ಮೊದಲು ಕರ್ಸರನ್ನು ಬದಲಿಸುವುದು ಆಯಾ ತಂತ್ರಾಂಶ ನೆನಪಿಟ್ಟು ಮಾಡಬೇಕಾದ ಶಿಷ್ಟಾಚಾರವಾಗಿತ್ತು. ಮರೆತರೆ ಬಾಣವೇ ನಿಂತಿರುತ್ತಿತ್ತು. ಈಗಿನ ಮ್ಯಾಕ್‌ನ ಬಣ್ಣದ ತಿರುಗುಚೆಂಡು ಹಾಗಲ್ಲ: ತಂತ್ರಾಂಶ ಕೆಲವು ಸೆಕೆಂಡುಗಳ ಕಾಲ ಯಾವ ಕರೆಗೂ ಓಗೊಡದಿದ್ದರೆ ಪರದೆಯ ಯಜಮಾನನೇ ಅದನ್ನು ತೋರಿಸುತ್ತಾನೆ. ನಾನು ಬಳಸುವ ಒಂದು ಲೆಕ್ಕಪತ್ರದ ತಂತ್ರಾಂಶದಲ್ಲಿ, ಹೆಸರು ಬೇಡ, ವರದಿ ತಯಾರಾಗುವಾಗ ನಡುವೆ ಒಂದು ಚಕ್ರ ತಿರುಗುತ್ತದೆ. ತಿರುಗುತ್ತದೆ ಎಂದರೆ ಮೊದಲ ಕಾಲು ಸುತ್ತು ತಿರುಗಿ ನಿಂತುಬಿಡುತ್ತದೆ. ಲೆಕ್ಕ ಹಾಕುವ ಕೆಲಸವನ್ನೂ ಚಕ್ರ ಬರೆಯುವ ಕೆಲಸವನ್ನೂ ಒಂದೇ ಥ್ರೆಡ್ಡಿಗೆ, ಅಂದರೆ ಒಂದು ಹೊತ್ತಿಗೆ ಒಂದೇ ಕೆಲಸ ಮಾಡಬಲ್ಲ ಎಳೆಗೆ, ಹಚ್ಚಿದ್ದಾರೆ. ಅದು ಲೆಕ್ಕದಲ್ಲಿ ಮುಳುಗಿದ ಮೇಲೆ ಚಕ್ರ ತಿರುಗಿಸುವವರು ಯಾರೂ ಇಲ್ಲ. ನಿಂತ ಚಕ್ರ ಚಕ್ರವೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಎರಡು ಸಲ ನಾನು ವರದಿ ಮುಗಿಯುವ ಹಂತದಲ್ಲಿದ್ದಾಗಲೇ ಆ ತಂತ್ರಾಂಶವನ್ನು ಕೊಂದು ಮೊದಲಿನಿಂದ ಆರಂಭಿಸಿದ್ದೇನೆ.

ಇಂಥ ಕಡೆ ಪ್ಲಾಸ್ಮಾ ಮಾಡುವ ಉಪಕಾರ ದೊಡ್ಡದು. ಕೆವಿನ್ ವಿಂಡೋಗಳನ್ನು ಮಾತಾಡಿಸಿ ನೋಡುತ್ತದೆ. ಉತ್ತರ ಬಾರದಿದ್ದರೆ ಆ ವಿಂಡೋವಿನ ಬಣ್ಣವನ್ನೆಲ್ಲ ಹೀರಿ ಬೂದಿಯಾಗಿಸುವ ಎಫೆಕ್ಟ್ ಅದರಲ್ಲಿದೆ. ಬಣ್ಣದ ಚಿತ್ರವೊಂದು ಕಣ್ಣ ಮುಂದೆಯೇ ಕಪ್ಪುಬಿಳುಪಾಗುವುದನ್ನು ನೋಡಿದವರಿಗೆ ಇನ್ನಾವ ವಿವರಣೆಯೂ ಬೇಕಾಗುವುದಿಲ್ಲ. ತಂತ್ರಾಂಶ ಚೇತರಿಸಿಕೊಂಡರೆ ಬಣ್ಣವೂ ಮರಳುತ್ತದೆ. ಮುಚ್ಚಲು ಹೋದರೆ ಬಲವಂತವಾಗಿ ನಿಲ್ಲಿಸಬೇಕೇ ಎಂದು ಕೇಳುತ್ತದೆ. ವಿಂಡೋಸ್ ಕೂಡ ಐದು ಸೆಕೆಂಡು ಓಗೊಡದ ವಿಂಡೋವಿನ ಜಾಗದಲ್ಲಿ ಅದರದೇ ನೆರಳಿನಂಥ ಮಾಸಲು ವಿಂಡೋವೊಂದನ್ನು ಇಟ್ಟು, ತಲೆಬರಹದಲ್ಲಿ ಅದು ಪ್ರತಿಕ್ರಿಯಿಸುತ್ತಿಲ್ಲವೆಂದು ಬರೆಯುತ್ತದೆ. ಆ ನೆರಳನ್ನು ಹಿಡಿದು ಎಳೆಯಬಹುದು, ಕೆಳಗಿಳಿಸಬಹುದು. ಎರಡೂ ಪ್ರಾಮಾಣಿಕ ಉತ್ತರಗಳು. ‘ಅವರು ಮಾತಾಡುತ್ತಿಲ್ಲ, ನಾನಿದ್ದೇನೆ’ ಎಂದು ಮೂರನೆಯವರು ಬಂದು ಹೇಳುವ ರೀತಿ ಇದು.

ವಿಂಡೋ ತೆರೆಯುವ, ಮುಚ್ಚುವ, ಕೆಳಗಿಳಿಯುವ ಅನಿಮೇಷನ್ನುಗಳ ವಿಷಯದಲ್ಲಿ ನನ್ನ ನಿಲುವು ಈ ತಿಂಗಳುಗಳಲ್ಲಿ ಬದಲಾಯಿತು. ಅನಿಮೇಷನ್ ಎಂದರೆ ಕಾಲಹರಣ, ಎಲ್ಲವನ್ನೂ ನಿಲ್ಲಿಸಿದರೆ ಯಂತ್ರ ಚುರುಕಾಗುತ್ತದೆ ಎಂದು ನಂಬಿದವರ ಪೈಕಿ ನಾನೂ ಒಬ್ಬ. ಪ್ಲಾಸ್ಮಾದಲ್ಲಿ ಇದಕ್ಕೆಂದೇ ಒಂದು ಸ್ಲೈಡರ್ ಇದೆ, ಒಂದು ತುದಿಯಲ್ಲಿ ನಿಧಾನ, ಇನ್ನೊಂದು ತುದಿಯಲ್ಲಿ ತತ್‌ಕ್ಷಣ. ತತ್‌ಕ್ಷಣದ ತುದಿಗೆ ಎಳೆದು ಒಂದು ವಾರ ಕೆಲಸ ಮಾಡಿದೆ. ಮೊದಲ ದಿನ ಬಹಳ ಖುಷಿಯಾಯಿತು. ಆಮೇಲೆ ಗಮನಕ್ಕೆ ಬಂದ ಸಂಗತಿ ಎಂದರೆ, ವಿಂಡೋವನ್ನು ಕೆಳಗಿಳಿಸಿದಾಗ ಅದು ಎಲ್ಲಿಗೆ ಹೋಯಿತೆಂದು ಟಾಸ್ಕ್‌ಬಾರಿನ ಮೇಲೆ ಕಣ್ಣಾಡಿಸಿ ಹುಡುಕುತ್ತಿದ್ದೆ. ಅನಿಮೇಷನ್ ಇದ್ದಾಗ ಕುಗ್ಗುತ್ತ ಹೋಗುವ ವಿಂಡೋವೇ ಕಣ್ಣನ್ನು ಕೈ ಹಿಡಿದು ಅದರ ಬಟನ್ನಿಗೆ ಮುಟ್ಟಿಸುತ್ತಿತ್ತು. ಅಲ್ಲಿ ಉಳಿಸಿದ ಕಾಲು ಸೆಕೆಂಡಿಗೂ ಕಡಮೆಯಾದ ಸಮಯವನ್ನು ಹುಡುಕಾಟದಲ್ಲಿ ಬಡ್ಡಿಸಹಿತ ಕಳೆದುಕೊಂಡಿದ್ದೆ. ಒಂದು ವರ್ಚುವಲ್ ಡೆಸ್ಕ್‌ಟಾಪಿನಿಂದ ಇನ್ನೊಂದಕ್ಕೆ ಹೋಗುವಾಗಲೂ ಹೀಗೆಯೇ: ಪರದೆ ಎಡಕ್ಕೋ ಬಲಕ್ಕೋ ಸರಿದರೆ ತಾನು ಎಲ್ಲಿದ್ದೇನೆಂದು ತಿಳಿಯುತ್ತದೆ, ಥಟ್ಟನೆ ಬದಲಾದರೆ ಯಾರೋ ಮೇಜಿನ ಮೇಲಿನ ಕಾಗದಗಳನ್ನೆಲ್ಲ ಅದಲುಬದಲು ಮಾಡಿದಂತಾಗುತ್ತದೆ.

ಈಗ ಸ್ಲೈಡರನ್ನು ಮೊದಲಿದ್ದ ಜಾಗಕ್ಕಿಂತ ಒಂದು ಹೆಜ್ಜೆ ವೇಗದ ಕಡೆಗೆ ಇಟ್ಟಿದ್ದೇನೆ. ಆದರೆ ಇಲ್ಲಿ ಮುಖ್ಯವಾದದ್ದು ಅನಿಮೇಷನ್ನಿನ ಉದ್ದವಲ್ಲ. ಅದು ನಡೆಯುತ್ತಿರುವಾಗ ನನ್ನ ಮುಂದಿನ ಕೆಲಸವನ್ನು ತಡೆಯುತ್ತದೆಯೇ ಎಂಬುದು. ಹೊಸ ವಿಂಡೋ ಇನ್ನೂ ಪೂರ್ತಿ ಅರಳುವ ಮೊದಲೇ ನಾನು ಟೈಪ್ ಮಾಡತೊಡಗಿದರೆ ಅಕ್ಷರಗಳು ಅದರೊಳಗೆ ಹೋಗಿ ಬೀಳುತ್ತವೆ, ಒಂದೂ ಕಳೆದುಹೋಗುವುದಿಲ್ಲ. ಅನಿಮೇಷನ್ ನನ್ನ ಹಿಂದೆ ಬರಬೇಕು, ನಾನು ಅದರ ಹಿಂದೆ ಕಾಯಬಾರದು. ಈ ಶಿಸ್ತನ್ನು ಪ್ಲಾಸ್ಮಾ ಚೆನ್ನಾಗಿ ಪಾಲಿಸುತ್ತದೆ. 2000ದ ಜನವರಿಯಲ್ಲಿ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಮ್ಯಾಕ್‌ನ ‘ಜೀನಿ’ ಎಫೆಕ್ಟನ್ನು (ವಿಂಡೋ ಭೂತದಂತೆ ಬಳುಕಿ ಡಾಕ್‌ನೊಳಗೆ ಇಳಿಯುವುದನ್ನು) ತೋರಿಸಿದಾಗ, ಶಿಫ್ಟ್ ಕೀಲಿ ಒತ್ತಿ ಹಿಡಿದು ಅದನ್ನು ನಿಧಾನಗತಿಯಲ್ಲಿ ನಡೆಸಿದ್ದರು. ನೋಡುವವರಿಗೆ ನಿಧಾನ ಚೆಂದ, ಮಾಡುವವರಿಗೆ ಬೇಗ ಮುಗಿಯುವುದೇ ಚೆಂದ. ಪ್ಲಾಸ್ಮಾದಲ್ಲಿಯೂ ಅಂಥದೇ ‘ಮ್ಯಾಜಿಕ್ ಲ್ಯಾಂಪ್’ ಇದೆ, ಎಳೆದಾಗ ಜೆಲ್ಲಿಯಂತೆ ಅಲುಗುವ ವಿಂಡೋಗಳೂ ಇವೆ. ಡೀಫಾಲ್ಟ್ ಆಗಿ ಅವು ಚಾಲೂ ಇಲ್ಲದಿರುವುದು ವಿವೇಕದ ನಿರ್ಧಾರ. ಚಲಿಸುವ ಪರದೆಯಿಂದ ತಲೆ ತಿರುಗುವವರಿಗೆ ತತ್‌ಕ್ಷಣದ ತುದಿ ಅನುಕೂಲ ಮಾತ್ರವಲ್ಲ, ಅಗತ್ಯವೂ ಹೌದು.

ಬೇಕೆಂದೇ ತಡಮಾಡುವ ಜಾಗವೂ ಒಂದಿದೆ. ವಿಂಡೋಸ್‌ನಲ್ಲಿ ಉಪಮೆನು ತೆರೆಯುವ ಮೊದಲು ಡೀಫಾಲ್ಟ್ ಆಗಿ 400 ಮಿಲಿಸೆಕೆಂಡು ಕಾಯುವ ಏರ್ಪಾಡಿದೆ, ಏಕೆಂದರೆ ಕರ್ಸರ್ ಓರೆಯಾಗಿ ಸಾಗುವಾಗ ದಾರಿಯಲ್ಲಿ ಸಿಕ್ಕಿದ ಉಪಮೆನುಗಳೆಲ್ಲ ಪಟಪಟನೆ ತೆರೆದುಕೊಂಡರೆ ಬೇಕಾದದ್ದನ್ನು ಹಿಡಿಯುವುದೇ ಕಷ್ಟವಾಗುತ್ತದೆ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಅದನ್ನು ಸೊನ್ನೆ ಮಾಡಿ ಯಂತ್ರ ರಾಕೆಟ್ ಆಯಿತೆಂದು ಹಿಗ್ಗುವವರಿದ್ದಾರೆ. ಹಿಗ್ಗಲಿ. ಆ 400 ಮಿಲಿಸೆಕೆಂಡಿನ ಹೊತ್ತಿನಲ್ಲಿ ಮೆನುವಿನ ಸಾಲಿನ ಬಣ್ಣವಂತೂ ಬದಲಾಗಿರುತ್ತದೆ, ಆದ್ದರಿಂದ ಆ ತಡ ಬಹಳ ಜನರಿಗೆ ತಡವೆಂದೇ ಅನ್ನಿಸಿರುವುದಿಲ್ಲ.

ಹತ್ತು ಸೆಕೆಂಡು ದಾಟುವ ಕೆಲಸಗಳಿಗೆ ‘ಓ’ ಒಂದೇ ಸಾಲದು. ಎಷ್ಟಾಯಿತು, ಇನ್ನೆಷ್ಟಿದೆ ಎಂದು ಹೇಳಬೇಕು. ಶೇಕಡಾವಾರು ತೋರಿಸುವ ಪ್ರೋಗ್ರೆಸ್ ಬಾರನ್ನು ಬಳಕೆದಾರರು ಬಯಸುತ್ತಾರೆಂದು ಬ್ರ್ಯಾಡ್ ಮೈಯರ್ಸ್ 1985ರಲ್ಲಿ ಪ್ರಯೋಗದಿಂದ ತೋರಿಸಿದ್ದರು. ಪ್ಲಾಸ್ಮಾದಲ್ಲಿ ಫೈಲುಗಳನ್ನು ನಕಲು ಮಾಡುವಾಗ ಈ ಬಾರ್ ಮೂಲೆಯ ನೋಟಿಫಿಕೇಷನ್ನಿನಲ್ಲಿ ಕಾಣುತ್ತದೆ. ಟಾಸ್ಕ್‌ಬಾರಿನಲ್ಲಿ ಡಾಲ್ಫಿನ್ ಫೈಲ್ ಮ್ಯಾನೇಜರಿನ ಬಟನ್ನು ಕೂಡ ಎಡದಿಂದ ಬಲಕ್ಕೆ ನಿಧಾನವಾಗಿ ಬಣ್ಣ ತುಂಬಿಕೊಳ್ಳುತ್ತದೆ. ವಿಂಡೋವನ್ನು ಕೆಳಗಿಳಿಸಿ ಬೇರೆ ಕೆಲಸಕ್ಕೆ ಹೋದವರಿಗೆ ಓರೆಗಣ್ಣಿನ ಒಂದು ನೋಟ ಸಾಕು. ನಡುವೆ ತಡೆದು ನಿಲ್ಲಿಸಬಹುದು, ಕೈಬಿಡಬಹುದು. ಕ್ಷಣದಲ್ಲಿ ಮುಗಿಯುವ ನಕಲಿಗೆ ಬಾರೇ ಕಾಣಿಸಿಕೊಳ್ಳುವುದಿಲ್ಲ, ಮಿಂಚಿನಂತೆ ಬಂದು ಮರೆಯಾಗುವ ಬಾರಿಗಿಂತ ಅದೇ ಮೇಲು. ಕಣ್ಣಿಗೆ ಬಿದ್ದು ಓದಲು ಸಿಗದ ಸಂದೇಶ ಏನೋ ತಪ್ಪಾಯಿತೆಂಬ ಗುಮಾನಿಯನ್ನಷ್ಟೇ ಉಳಿಸುತ್ತದೆ.

ಬಾರು ಸಾಗುವ ರೀತಿಯೂ ಮನಸ್ಸಿನ ಗಡಿಯಾರವನ್ನು ತಿದ್ದುತ್ತದೆ. ಕ್ರಿಸ್ ಹ್ಯಾರಿಸನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೊನೆಯ ಹಂತದಲ್ಲಿ ವೇಗ ಹೆಚ್ಚಿಸಿಕೊಳ್ಳುವ ಬಾರು ಬೇಗ ಮುಗಿದಂತೆ ಅನ್ನಿಸಿತು, ಕೊನೆಯಲ್ಲಿ ತಡವರಿಸುವ ಬಾರು ಅಷ್ಟೇ ಸಮಯ ತೆಗೆದುಕೊಂಡರೂ ದೀರ್ಘವೆನಿಸಿತು. 2010ರಲ್ಲಿ ಅವರು ಬಾರಿನ ಮೇಲೆ ಪಟ್ಟೆಗಳನ್ನು ಹರಿಯಿಸಿ ನೋಡಿದರು: ಬಾರು ಮುಂದಕ್ಕೆ ಸಾಗುವಾಗ ಪಟ್ಟೆಗಳು ಹಿಂದಕ್ಕೆ, ವೇಗ ಕುಗ್ಗುತ್ತ ಹರಿದರೆ ಕಾಯುವ ಅವಧಿ ಶೇಕಡಾ 11ರಷ್ಟು ಕಡಮೆ ಎನ್ನಿಸಿತು. ಕಾಯುವಿಕೆಯನ್ನು ಹಗುರಗೊಳಿಸುವ ಇಂಥ ಉಪಾಯಗಳ ಬಗ್ಗೆ ನನಗೆ ವಿರೋಧವಿಲ್ಲ, ಅಂಕಿಯನ್ನೇ ತಿರುಚುವುದರ ಬಗ್ಗೆ ಇದೆ. ಬ್ಯಾಕಪ್ ಮಾಡುವ ತಂತ್ರಾಂಶವೊಂದು ಶೇಕಡಾ 99ರವರೆಗೆ ಸರಸರನೆ ಓಡಿ, ಕೊನೆಯ ಒಂದಂಕಿಯ ಮೇಲೆ ನನ್ನ ಊಟ ಮುಗಿಯುವವರೆಗೂ ಕುಳಿತಿತ್ತು. ಮಾರನೆಯ ದಿನದಿಂದ ಅದರ ಮೊದಲ 99 ಅಂಕಿಗಳನ್ನೂ ನಾನು ನಂಬುವುದನ್ನು ಬಿಟ್ಟೆ.

ಪ್ರಾಮಾಣಿಕತೆಗೆ ತೆರಬೇಕಾದ ಬೆಲೆಗೆ ವಿಂಡೋಸ್ ವಿಸ್ಟಾದ ಕಥೆ ಒಳ್ಳೆಯ ನಿದರ್ಶನ. ಎಕ್ಸ್‌ಪಿಯಲ್ಲಿ ಫೈಲು ನಕಲಾಗುವಾಗ ಅದರ ಬರಹವೆಲ್ಲ ಮೊದಲು ಮೆಮೊರಿಗೆ ಹೋಗುತ್ತಿತ್ತು, ಅಷ್ಟಕ್ಕೇ ಪ್ರಗತಿ ತೋರಿಸುವ ಡಬ್ಬಿ ಮುಚ್ಚಿಕೊಳ್ಳುತ್ತಿತ್ತು. ಡಿಸ್ಕಿಗೆ ಬರೆಯುವ ಕೆಲಸ ಹಿನ್ನೆಲೆಯಲ್ಲಿ ಆಮೇಲೆ ನಡೆಯುತ್ತಿತ್ತು. ವಿಸ್ಟಾದ ಮೊದಲ ಆವೃತ್ತಿ ಅನೇಕ ಸಂದರ್ಭಗಳಲ್ಲಿ ಬರಹವೆಲ್ಲ ಡಿಸ್ಕಿಗೆ ತಲಪಿದ ಮೇಲೆಯೇ ಮುಗಿಯಿತೆಂದು ಹೇಳುತ್ತಿತ್ತು, ಅಷ್ಟಲ್ಲದೆ ಇನ್ನೆಷ್ಟು ಹೊತ್ತು ಎಂಬ ಅಂದಾಜು ಹೇಳುವುದಕ್ಕೆ ಮೊದಲು 12 ಸೆಕೆಂಡು ಲೆಕ್ಕ ಹಾಕುತ್ತ ಕೂರುತ್ತಿತ್ತು. ನಿಜ ಹೇಳಿದ್ದಕ್ಕೆ ನಿಧಾನವೆಂಬ ಅಪಕೀರ್ತಿ ಬಂತು. ಮೊದಲ ಸರ್ವಿಸ್ ಪ್ಯಾಕಿನಲ್ಲಿ, ಅಂದರೆ ತಿದ್ದುಪಡಿಗಳ ಮೊದಲ ಕಂತಿನಲ್ಲಿ, ಮೆಮೊರಿಯ ಮೂಲಕ ಬರೆಯುವ ಹಳೆಯ ದಾರಿಗೇ ಮರಳಬೇಕಾಯಿತು. ಮೈಕ್ರೋಸಾಫ್ಟಿನ ಮಾರ್ಕ್ ರುಸಿನೋವಿಚ್ ಈ ಬೆಳವಣಿಗೆಯನ್ನೆಲ್ಲ 2008ರಲ್ಲಿ ಬಿಡಿಸಿ ಬರೆದರು.

ಪ್ಲಾಸ್ಮಾದ ಬಾರು ಈ ವಿಷಯದಲ್ಲಿ ಎಕ್ಸ್‌ಪಿಯ ಪಕ್ಷಕ್ಕೆ ಸೇರಿದ್ದು, ಮತ್ತು ಪೆನ್‌ಡ್ರೈವ್‌ಗೆ ದೊಡ್ಡ ಫೈಲು ಹಾಕುವವರಿಗೆ ಇದು ಗೊತ್ತಿರಬೇಕು. ದೋಷದ ಮೂಲ ಡೆಸ್ಕ್‌ಟಾಪಿನಲ್ಲಿ ಇಲ್ಲ, ಕೆಳಗಿರುವ ಲಿನಕ್ಸ್ ಕರ್ನೆಲಿನ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನ, ಪದ್ಧತಿಯಲ್ಲಿದೆ. ಬರೆಯಬೇಕಾದದ್ದನ್ನು ಕರ್ನೆಲ್ ಮೊದಲು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಡೀಫಾಲ್ಟ್ ಮೌಲ್ಯಗಳ ಪ್ರಕಾರ, ಲಭ್ಯ ಮೆಮೊರಿಯ ಶೇಕಡಾ 10ರಷ್ಟು ತುಂಬಿದಾಗ ಹಿನ್ನೆಲೆಯಲ್ಲಿ ಬರೆಯಲಾರಂಭಿಸುತ್ತದೆ, ಶೇಕಡಾ 20 ಮುಟ್ಟಿದಾಗ ನಕಲು ಮಾಡುತ್ತಿರುವ ತಂತ್ರಾಂಶವನ್ನೇ ತಡೆದು ನಿಲ್ಲಿಸುತ್ತದೆ. ಮೆಮೊರಿ ಧಾರಾಳವಾಗಿದ್ದರೆ ಇದು ಗಿಗಾಬೈಟುಗಳ ಲೆಕ್ಕ. ಆದ್ದರಿಂದ ಬಾರು ಕಣ್ಣು ಮಿಟುಕಿಸುವುದರೊಳಗೆ ಕೊನೆ ಮುಟ್ಟುತ್ತದೆ, ಅಥವಾ ಮುಕ್ಕಾಲು ದಾರಿ ಓಡಿ ಕಲ್ಲಿನಂತೆ ನಿಲ್ಲುತ್ತದೆ. ಎರಡೂ ಪೆನ್‌ಡ್ರೈವಿನಲ್ಲಿ ನಡೆಯುತ್ತಿರುವುದರ ಚಿತ್ರವಲ್ಲ. ಹಿಂದೆ ಬೇರೊಂದು ಯಂತ್ರದಲ್ಲಿ ಇಂಥದೇ ಪೂರ್ತಿಯಾದ ಬಾರನ್ನು ನಂಬಿ ಪೆನ್‌ಡ್ರೈವನ್ನು ಎಳೆದುಕೊಂಡು ಹೋಗಿ, ತೆರೆಯಬೇಕಾದ ಜಾಗದಲ್ಲಿ ಅರ್ಧ ಬರೆದ ಫೈಲಿನ ಮುಂದೆ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದೆ. ‘ಬಂದೆ, ಬಂದೆ’ ಎಂದು ಒಳಗಿನಿಂದಲೇ ಕೂಗಿ ಚಾಪೆಯ ಮೇಲೆ ಮಗ್ಗುಲು ಬದಲಿಸುವವರ ಜಾತಿಗೆ ಸೇರಿದ ‘ಓ’ ಇದು. ಪ್ಲಾಸ್ಮಾದಲ್ಲಿ ಸುರಕ್ಷಿತವಾಗಿ ತೆಗೆಯುವ ಬಟನ್ನನ್ನು ಒತ್ತಿದಾಗ ಉಳಿದದ್ದನ್ನೆಲ್ಲ ಬರೆದು ಮುಗಿಸಿ, ಈಗ ತೆಗೆಯಬಹುದು ಎಂದು ಹೇಳುತ್ತದೆ. ಆ ಮಾತು ನಿಜ. ಆದರೆ ಅದು ಮುಗಿಯುವವರೆಗೆ ಕಾಣುವುದು ತಿರುಗುವ ಒಂದು ಚಕ್ರ ಮಾತ್ರ, ಇನ್ನೆಷ್ಟು ಎಂಬ ಸುಳಿವಿಲ್ಲ. ನಕಲಿನ ಬಾರು ಕದ್ದ ಸಮಯವೆಲ್ಲ ಇಲ್ಲಿ ಬಂದು ಸೇರುತ್ತದೆ.

ಟೈಪ್ ಮಾಡುವಾಗ, ವಿಂಡೋವನ್ನು ಎಳೆಯುವಾಗ ಕೈಗೂ ಪರದೆಗೂ ನಡುವಿನ ಅಂತರದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. 2024ರ ಜೂನ್‌ನಲ್ಲಿ ಬಂದ 6.1ನೆಯ ಆವೃತ್ತಿಯಲ್ಲಿ ಮುಂದಿನ ಫ್ರೇಮನ್ನು ಮುಂಚಿತವಾಗಿ ಬರೆಯಲು ಹಿಡಿಯುವ ಟ್ರಿಪಲ್ ಬಫರಿಂಗ್ ಎಂಬ ಏರ್ಪಾಡು ಸೇರಿದ ಮೇಲೆ ಹಳೆಯ ಗ್ರಾಫಿಕ್ಸ್ ಚಿಪ್ ಕೂಡ ಫ್ರೇಮುಗಳನ್ನು ತಪ್ಪಿಸುವುದು ಕಡಮೆಯಾಗಿದೆ. ಸ್ನೇಹಿತರ 120 ಹರ್ಟ್ಸ್ ಪರದೆಯಲ್ಲಿ ಇದೇ ಪ್ಲಾಸ್ಮಾವನ್ನು ಒಂದು ಗಂಟೆ ಬಳಸಿ ನೋಡಿದೆ. ಫ್ರೇಮಿನ ಅವಧಿ ಅರ್ಧಕ್ಕಿಳಿದು 8.3 ಮಿಲಿಸೆಕೆಂಡಾಗುವ ಆ ಪರದೆಯಲ್ಲಿ ಎಳೆದ ವಿಂಡೋ ಕರ್ಸರಿಗೆ ಅಂಟಿಕೊಂಡೇ ಬರುತ್ತದೆ. ಮನೆಗೆ ಬಂದು ನನ್ನದರಲ್ಲಿ ಎಳೆದಾಗ ವಿಂಡೋ ಒಂದು ಬೆರಳಿನಷ್ಟು ಹಿಂದೆ ಬೀಳುವುದು ಮೊದಲ ಸಲ ಕಣ್ಣಿಗೆ ಕಂಡಿತು. ಕಾಣದೆ ಇದ್ದಿದ್ದರೆ ಚೆನ್ನಾಗಿತ್ತು.

ಹಳೆಯ ಯಂತ್ರ ನಿಧಾನವಾಯಿತೆಂದು ಹೊಸದರ ಯೋಚನೆಯಲ್ಲಿರುವವರು ಅದಕ್ಕೆ ಮೊದಲು ಪ್ಲಾಸ್ಮಾ 6ನ್ನು ಹಾಕಿ, ಅನಿಮೇಷನ್ನಿನ ಸ್ಲೈಡರನ್ನು ಒಂದು ಹೆಜ್ಜೆ ಸರಿಸಿ, ಕುಣಿಯುವ ಐಕಾನಿನ ಅವಧಿಯನ್ನು ತಮ್ಮ ಯಂತ್ರದ ಅತ್ಯಂತ ಭಾರಿ ತಂತ್ರಾಂಶ ಏಳುವಷ್ಟು ಹೆಚ್ಚಿಸಿ, ಲಾಗಿನ್ ಆದ ಮೇಲೆ ಬರುವ ಸ್ವಾಗತದ ಪರದೆಯನ್ನು ತೆಗೆದುಹಾಕಿ ಎರಡು ವಾರ ಬಳಸಿ ನೋಡುವುದು ವಾಸಿ. ದಿನವೂ ಪೆನ್‌ಡ್ರೈವುಗಳಲ್ಲಿ ದೊಡ್ಡ ಫೈಲುಗಳನ್ನು ಸಾಗಿಸುವ ಕೆಲಸದವರಿಗೆ ಮಾತ್ರ ನಾನು ಇದನ್ನು ಅರೆಮನಸ್ಸಿನಿಂದಲೇ ಹೇಳುತ್ತೇನೆ. ಈ ವಿಮರ್ಶೆಯ ಫೈಲನ್ನು ಪೆನ್‌ಡ್ರೈವಿಗೆ ಹಾಕಿದಾಗಲೂ ಬಾರು ಕಾಣಿಸಿಕೊಳ್ಳುವ ಮೊದಲೇ ಕೆಲಸ ಮುಗಿದಂತಾಯಿತು. ತೆಗೆಯಬಹುದು ಎಂಬ ಮಾತು ಬರುವವರೆಗೆ ನಾನು ಕೈ ಚಾಚಲಿಲ್ಲ.